ರಹದಾರಿ: ಉಚಿತ ಪ್ರಯಾಣದ ಅರ್ಹತೆ ಹಾಗೂ ದುರುಪಯೋಗವನ್ನು ಕುರಿತು

ಕನ್ನಡದಲ್ಲಿ 'ರಹದಾರಿ' ಎಂದರೆ ಪರವಾನಗಿಯ ಪತ್ರ. ತೆಲುಗಿನಲ್ಲಿ ಅದೇ ಪದಕ್ಕೆ ಹೆದ್ದಾರಿ ಎಂಬ ಅರ್ಥವಿದೆ. ಮಲ್ಕಾಜ್‌ಗಿರಿಯಂತಹ ಊರಿನಲ್ಲಿ ವಾಸಿಸುವ ಕನ್ನಡಿಗನಿಗೆ ಈ ಎರಡು ಅರ್ಥಗಳೂ ದಿನವೂ ಎದುರಾಗುತ್ತವೆ. ಒಂದರ ಮೇಲೆ ನಡೆಯಲು ಇನ್ನೊಂದು ಬೇಕಾಗುತ್ತದೆ. ಮೂಲದ ಪಾರಸಿಯಲ್ಲಿ ದಾರಿಯನ್ನು ಕಾಯುವವನು 'ರಾಹ್‌ದಾರ್'; ಆ ಕಾವಲಿನ ಹೆಸರಿನಲ್ಲಿ ಪಥಿಕರಿಂದಲೂ ವರ್ತಕರಿಂದಲೂ ವಸೂಲು ಮಾಡುತ್ತಿದ್ದ ಹಣ 'ರಾಹ್‌ದಾರಿ'. ಮೊಗಲರ ಕಾಲದಲ್ಲಿ ಈ ಪದ ಬಳಕೆಯಾಗುತ್ತಿದ್ದುದು ಮಾರ್ಗಸುಂಕದ ಅರ್ಥದಲ್ಲಿ. ಹಣವನ್ನು ಕೇಳುತ್ತಿದ್ದ ಪದ ಕಾಲಾಂತರದಲ್ಲಿ 'ಇವನನ್ನು ತಡೆಯಬೇಡಿ' ಎಂದು ಹೇಳುವ ಕಾಗದದ ಹೆಸರಾಯಿತು ಎಂಬುದು ಅರ್ಥಪಲ್ಲಟದ ಒಂದು ಸೊಗಸಾದ ನಿದರ್ಶನ.

ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದ ಇನ್ನೆರಡು ಪದಗಳ ಚರಿತ್ರೆಯೂ ಹೀಗೆಯೇ ವಕ್ರವಾಗಿದೆ. 'ಉಚಿತ' ಎಂಬುದಕ್ಕೆ ಸಂಸ್ಕೃತದಲ್ಲಿ ಯೋಗ್ಯವಾದುದು, ತಕ್ಕುದು ಎಂದು ಅರ್ಥ. ಕನ್ನಡ ತೆಲುಗುಗಳೆರಡರಲ್ಲೂ ಅದು ಬೆಲೆಯಿಲ್ಲದೆ ದೊರೆಯುವುದು ಎಂಬ ಅರ್ಥವನ್ನು ಪಡೆಯಿತು. 'ಬಿಟ್ಟಿ' ಎಂಬುದು 'ವಿಷ್ಟಿ'ಯ ತದ್ಭವ. ನಮ್ಮ ಶಾಸನಗಳಲ್ಲಿ ಅದು ಪ್ರಜೆಯು ಕೂಲಿಯಿಲ್ಲದೆ ಅರಸನಿಗೆ ಸಲ್ಲಿಸಬೇಕಾಗಿದ್ದ ದುಡಿಮೆ. ಕೂಲಿ ಕೊಡದೆ ಪಡೆದ ದುಡಿಮೆಯ ಹೆಸರು ಇಂದು ಹಣ ಕೊಡದೆ ಪಡೆದ ವಸ್ತುವಿಗೆ ಅಂಟಿಕೊಂಡಿದೆ. ಬಸ್ಸಿನಲ್ಲಿ ಶುಲ್ಕವಿಲ್ಲದೆ ಪ್ರಯಾಣ ಮಾಡುವ ಹೆಂಗಸರನ್ನು ಕುರಿತು 'ಬಿಟ್ಟಿ' ಎಂಬ ಮಾತನ್ನು ಹಗುರವಾಗಿ ಆಡುವವರು, ಆ ಪದದ ಭಾರವನ್ನು ಹೊತ್ತವರು ಯಾರೆಂಬುದನ್ನು ಒಮ್ಮೆ ಯೋಚಿಸಬಹುದು.

ಪೀಠದ ಸಂಚಿಕೆಯಲ್ಲಿ ಬಸ್ಸಿನ ಪಾಸುಗಳ ವಿಚಾರಕ್ಕೆ ಎಡೆಯೆಲ್ಲಿ ಎಂದು ಓದುಗರು ಕೇಳಬಹುದು. ಕಳೆದ ಎರಡು ವರ್ಷಗಳಿಂದ ಇಲ್ಲಿನ ಕನ್ನಡ ಕುಟುಂಬಗಳ ಮಾತುಕತೆಯಲ್ಲಿ ಪದೇ ಪದೇ ಕೇಳಿಬರುತ್ತಿರುವ ಪ್ರಶ್ನೆ ಇದು: ನಾವು ಯಾವ ರಾಜ್ಯದವರು? ಈ ಪ್ರಶ್ನೆಯನ್ನು ಹುಟ್ಟಿಸಿದ್ದು ಭಾಷಾಶಾಸ್ತ್ರವಾಗಲಿ ಏಕೀಕರಣದ ಇತಿಹಾಸವಾಗಲಿ ಅಲ್ಲ. ನಿರ್ವಾಹಕರ ಕೈಯಲ್ಲಿರುವ ಸಣ್ಣ ಯಂತ್ರ ಮುದ್ರಿಸಿಕೊಡುವ ಶೂನ್ಯ ಟಿಕೆಟ್ಟು.

ಸಂಗತಿಗಳನ್ನು ಮೊದಲು ಹೇಳಬೇಕು. ಕರ್ನಾಟಕ ಸರ್ಕಾರ 2023ರ ಜೂನ್ 11ರಂದು 'ಶಕ್ತಿ' ಯೋಜನೆಯನ್ನು ಜಾರಿಗೆ ತಂದಿತು. ಕರ್ನಾಟಕದ ನಿವಾಸಿಗಳಾದ ಮಹಿಳೆಯರಿಗೆ, ವಿದ್ಯಾರ್ಥಿನಿಯರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ರಾಜ್ಯದ ನಾಲ್ಕು ಸಾರಿಗೆ ನಿಗಮಗಳ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗಿನ ಪ್ರಯಾಣ ಉಚಿತವಾಯಿತು. ರಾಜಹಂಸ, ಐರಾವತ, ವಜ್ರ ಮೊದಲಾದ ಐಷಾರಾಮಿ ಬಸ್ಸುಗಳನ್ನು ಹೊರಗಿಡಲಾಯಿತು. ಬೆಂಗಳೂರು ಮಹಾನಗರ ಸಾರಿಗೆಯ ಹೊರತಾಗಿ ಉಳಿದ ನಿಗಮಗಳಲ್ಲಿ ಅರ್ಧದಷ್ಟು ಆಸನಗಳನ್ನು ಪುರುಷರಿಗೆ ಮೀಸಲಿಡಬೇಕೆಂಬ ನಿಯಮವೂ ಅದರೊಂದಿಗೆ ಬಂತು. ಅದೇ ವರ್ಷದ ಡಿಸೆಂಬರ್ 9ರಂದು ತೆಲಂಗಾಣ ಸರ್ಕಾರ 'ಮಹಾಲಕ್ಷ್ಮಿ' ಯೋಜನೆಯಡಿ ತನ್ನ ನಿವಾಸಿಗಳಾದ ಎಲ್ಲ ವಯಸ್ಸಿನ ಹೆಣ್ಣುಮಕ್ಕಳಿಗೆ, ಲಿಂಗಪರಿವರ್ತಿತರಿಗೆ ಪಲ್ಲೆವೆಲುಗು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲೂ ಹೈದರಾಬಾದ್ ನಗರದ ಆರ್ಡಿನರಿ, ಮೆಟ್ರೋ ಎಕ್ಸ್‌ಪ್ರೆಸ್ ಬಸ್ಸುಗಳಲ್ಲೂ ಅಂಥದೇ ಸೌಲಭ್ಯ ನೀಡಿತು. ಅಂತರರಾಜ್ಯ ಬಸ್ಸಾದರೆ ರಾಜ್ಯದ ಗಡಿಯವರೆಗೆ ಮಾತ್ರ. 2025ರ ಆಗಸ್ಟ್ 15ರಂದು ಆಂಧ್ರಪ್ರದೇಶವೂ 'ಸ್ತ್ರೀಶಕ್ತಿ'ಯ ಹೆಸರಿನಲ್ಲಿ ಈ ದಾರಿಯನ್ನು ಹಿಡಿಯಿತು. ಬಳಕೆಯ ಪ್ರಮಾಣ ಅಚ್ಚರಿ ಹುಟ್ಟಿಸುವಂಥದು: 2025ರ ಜುಲೈ ವೇಳೆಗೆ ಶಕ್ತಿ ಯೋಜನೆಯ ಪ್ರಯಾಣಗಳ ಸಂಖ್ಯೆ 500 ಕೋಟಿಯನ್ನೂ ಮಹಾಲಕ್ಷ್ಮಿಯದು 200 ಕೋಟಿಯನ್ನೂ ಮುಟ್ಟಿದ್ದವು.

ಇವುಗಳಲ್ಲಿ ಅರ್ಹತೆಗೆ ಎರಡು ಅಂಗಗಳಿವೆ. ಒಂದು, ಹೆಣ್ಣಾಗಿರಬೇಕು, ಇನ್ನೊಂದು, ಆ ರಾಜ್ಯದ ನಿವಾಸಿಯಾಗಿರಬೇಕು. ಮೊದಲನೆಯದು ಸಾಮಾನ್ಯವಾಗಿ ಕಣ್ಣಿಗೆ ಕಾಣುತ್ತದೆ. ಎರಡನೆಯದು ಕಾಣುವುದಿಲ್ಲ, ಆದುದರಿಂದ ಅದಕ್ಕೆ ಕಾಗದ ಬೇಕು. ಕಾಗದ ಬೇಕಾದ ಕಡೆಯಲ್ಲೆಲ್ಲ ಸುಳ್ಳು ಕಾಗದಕ್ಕೂ ಬೇಡಿಕೆ ಹುಟ್ಟುತ್ತದೆ.

ಇದು ಇಂದಿನ ಸಮಸ್ಯೆಯಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ನಾವಧ್ಯಕ್ಷ, ಮುದ್ರಾಧ್ಯಕ್ಷ ಎಂಬ ಇಬ್ಬರು ಅಧಿಕಾರಿಗಳ ಕರ್ತವ್ಯಗಳನ್ನು ನಿರೂಪಿಸಲಾಗಿದೆ. ನಾವಧ್ಯಕ್ಷನು ನದಿಗಳ ದೋಣಿಗಡುವುಗಳ ಮೇಲ್ವಿಚಾರಕ. ಹೊಳೆ ದಾಟಲು ತರಶುಲ್ಕವನ್ನು ಎಲ್ಲರೂ ಕೊಡಬೇಕು. ಆದರೆ ಬ್ರಾಹ್ಮಣರು, ಪ್ರವ್ರಜಿತರು, ಬಾಲಕರು, ವೃದ್ಧರು, ರೋಗಿಗಳು, ರಾಜಶಾಸನವನ್ನು ಒಯ್ಯುವ ದೂತರು, ಗರ್ಭಿಣಿಯರು ನಾವಧ್ಯಕ್ಷನ ಮುದ್ರೆಯನ್ನು ಪಡೆದು ದಾಟಬಹುದು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲೂ ಇದನ್ನು ಹೋಲುವ ವಿನಾಯಿತಿಯಿದೆ. ಅಲ್ಲಿ ಗರ್ಭಿಣಿಗೆ ಎರಡು ತಿಂಗಳು ತುಂಬಿರಬೇಕೆಂಬ ಷರತ್ತನ್ನೂ ಹೇಳಿದೆ. ಉಚಿತ ಪ್ರಯಾಣದ ಪಾಸಿನ ಇಷ್ಟು ಹಳೆಯ, ಇಷ್ಟು ಖಚಿತವಾದ ಉಲ್ಲೇಖ ಬೇರೆಡೆ ನನ್ನ ಕಣ್ಣಿಗೆ ಬಿದ್ದಿಲ್ಲ. ವಯಸ್ಸು, ರೋಗ, ಗರ್ಭ, ರಾಜಸೇವೆ, ಸಾಮಾಜಿಕ ಸ್ಥಾನ, ಹೀಗೆ ಆ ಪಟ್ಟಿಯಲ್ಲಿರುವ ಆಧಾರಗಳಲ್ಲಿ ಕೊನೆಯದೊಂದನ್ನು ಬಿಟ್ಟರೆ ಉಳಿದವು ಇಂದಿನ ರಿಯಾಯಿತಿ ಪಾಸುಗಳ ಅರ್ಜಿ ನಮೂನೆಗಳಲ್ಲಿ ಬದುಕಿಕೊಂಡೇ ಇವೆ. ಹೆಣ್ಣೆಂಬ ಕಾರಣಕ್ಕೇ ವಿನಾಯಿತಿ ಎಂಬುದು ಮಾತ್ರ ಆ ಪಟ್ಟಿಯಲ್ಲಿಲ್ಲ. ಹೆಣ್ಣು ಅಲ್ಲಿ ಕಾಣಿಸಿಕೊಳ್ಳುವುದು ಗರ್ಭಿಣಿಯಾಗಿ ಮಾತ್ರ.

ಹೆಚ್ಚು ಕುತೂಹಲಕರವಾದುದು ಅದೇ ಪ್ರಕರಣದ ಮುಂದಿನ ಭಾಗ. ಕಡುವಿನಲ್ಲಿ ಯಾರು ಯಾರನ್ನು ತಡೆದು ಹಿಡಿಯಬೇಕೆಂದು ಕೌಟಿಲ್ಯ ಹೇಳುತ್ತಾನೆ. ಪರರ ಹೆಂಡತಿಯನ್ನೋ ಮಗಳನ್ನೋ ಹಣವನ್ನೋ ಅಪಹರಿಸಿ ಓಡುವವರು, ಆಯುಧ, ವಿಷ ಸಾಗಿಸುವವರು ಮುಂತಾದವರ ನಡುವೆ ಇನ್ನು ಕೆಲವರ ಹೆಸರುಗಳಿವೆ: ಆಗತಾನೆ ಸಂನ್ಯಾಸಿಯ ಲಾಂಛನ ಧರಿಸಿದವನು, ಲಾಂಛನವಿಲ್ಲದ ಸಂನ್ಯಾಸಿ, ರೋಗವು ಹೊರಗೆ ಕಾಣದ ರೋಗಿ, ಮುದ್ರೆಯಿಲ್ಲದ ದೀರ್ಘಪಥಿಕ. ವಿನಾಯಿತಿಯ ಪಟ್ಟಿಯಲ್ಲಿರುವ ಪ್ರವ್ರಜಿತ ಮತ್ತು ವ್ಯಾಧಿತ ಇವರಿಬ್ಬರೇ ಸಂಶಯದ ಪಟ್ಟಿಯಲ್ಲಿ ಮತ್ತೆ ಬರುತ್ತಾರೆ ಎಂಬುದನ್ನು ಇಲ್ಲಿ ಗಮನಿಸಬೇಕು. ಗರ್ಭಿಣಿಯಾಗಲಿ ಮಗುವಾಗಲಿ ವೃದ್ಧನಾಗಲಿ ಬರುವುದಿಲ್ಲ. ಅವರ ಅರ್ಹತೆ ಮೈಮೇಲೆಯೇ ಇದೆ. ಕಾವಿಯನ್ನು ಯಾರು ಬೇಕಾದರೂ ಉಡಬಹುದು, ಹೊಟ್ಟೆನೋವನ್ನು ಯಾರು ಬೇಕಾದರೂ ಹೇಳಿಕೊಳ್ಳಬಹುದು. ಯಾವ ಅರ್ಹತೆ ಕಾಣುವುದಿಲ್ಲವೋ ಅದರ ದುರುಪಯೋಗ ಸುಲಭ. ಅಷ್ಟೇ ಅಲ್ಲ, ನಿಜವಾಗಿ ಅರ್ಹನಾದವನನ್ನು ಅವಮಾನಿಸುವುದೂ ಸುಲಭ. ರೋಗ ಹೊರಗೆ ಕಾಣದ ನಿಜವಾದ ರೋಗಿಯೊಬ್ಬ ಆ ಕಡುವಿನಲ್ಲಿ ಏನು ಮಾಡುತ್ತಿದ್ದ ಎಂಬುದನ್ನು ಗ್ರಂಥ ಹೇಳುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪ್ರಕಾರ ಶೇಕಡಾ 40ರಷ್ಟು ನ್ಯೂನತೆಯ ಪ್ರಮಾಣಪತ್ರ ಹೊಂದಿದ, ಆದರೆ ಕೈಕಾಲು ನೆಟ್ಟಗಿರುವ ಶ್ರವಣದೋಷದ ಯುವಕನೊಬ್ಬನನ್ನು ಬಸ್ಸಿನಲ್ಲಿ ಸಹಪ್ರಯಾಣಿಕರು ನೋಡುವ ನೋಟದಲ್ಲಿ ಆ ಪ್ರಶ್ನೆಗೆ ಉತ್ತರವಿದೆ.

ಮುದ್ರಾಧ್ಯಕ್ಷನ ಪ್ರಕರಣ ಚಿಕ್ಕದು. ಅವನು ಒಂದು ಮಾಷಕ ಪಡೆದು ಮುದ್ರೆ ಕೊಡಬೇಕು. ಮುದ್ರೆಯಿದ್ದವನು ಮಾತ್ರ ನಾಡನ್ನು ಹೊಗಬಹುದು, ಹೊರಡಬಹುದು. ಮುದ್ರೆಯಿಲ್ಲದ ನಾಡಿಗನಿಗೆ 12 ಪಣ ದಂಡ. ಕೂಟಮುದ್ರೆ, ಅಂದರೆ ನಕಲಿ ಮುದ್ರೆ ತೋರಿಸಿದರೆ ಪೂರ್ವಸಾಹಸದಂಡ; ಹಾಗೆ ತೋರಿಸಿದವನು ಪರದೇಶದವನಾದರೆ ಉತ್ತಮಸಾಹಸದಂಡ. ಪೂರ್ವಸಾಹಸವು 48ರಿಂದ 96 ಪಣ, ಉತ್ತಮಸಾಹಸವು 500ರಿಂದ 1000 ಪಣ. ಮರೆತವನಿಗೂ ಮೋಸ ಮಾಡಿದವನಿಗೂ ನಡುವಣ ಅಂತರವನ್ನು ಶಾಸ್ತ್ರಕಾರನು ಇಲ್ಲಿ ಚೆನ್ನಾಗಿ ಉಳಿಸಿಕೊಂಡಿದ್ದಾನೆ. ಒಂದೇ ತಪ್ಪಿಗೆ ಹೊರನಾಡಿನವನಿಗೆ ಹತ್ತು ಪಟ್ಟಿಗೂ ಹೆಚ್ಚು ದಂಡ ವಿಧಿಸುವುದು ಮಾತ್ರ ಇಂದಿನ ನ್ಯಾಯದೃಷ್ಟಿಗೆ ಒಪ್ಪುವುದಿಲ್ಲ.

ಕನ್ನಡ ನಾಡಿನ ಮಧ್ಯಯುಗಕ್ಕೆ ಬಂದರೆ, ದಾರಿಯಲ್ಲಿ ಸಾಗುವುದಕ್ಕೆ ತೆರಬೇಕಾದ ಸುಂಕಗಳ ಹೆಸರುಗಳೇ ಒಂದು ಸಣ್ಣ ಕೋಶವಾಗುವಷ್ಟಿವೆ. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬುವು ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳನ್ನು ಓದಿದವರಿಗೆ ಪರಿಚಿತವಾದವು. ಈ ಸುಂಕಗಳ ಆದಾಯದ ಒಂದು ಭಾಗವನ್ನು ದೇವಾಲಯಕ್ಕೆ ಬಿಡುವುದು, ದೇವಾಲಯದ ಇಲ್ಲವೆ ವರ್ತಕಸಂಘದ ಇಷ್ಟು ಎತ್ತಿನ ಹೇರುಗಳಿಗೆ ಸುಂಕವಿಲ್ಲವೆಂದು ಮಾನ್ಯ ಮಾಡಿಕೊಡುವುದು ಸಾಮಾನ್ಯವಾಗಿತ್ತು. ನಾವು ವಾಸಿಸುವ ಈ ತೆಲಂಗಾಣದ ನೆಲವೂ ಆ ಆಡಳಿತದ ವ್ಯಾಪ್ತಿಯಲ್ಲಿತ್ತು. ಇಂದು ಕೊಲನುಪಾಕ ಎನ್ನುವ ಅಂದಿನ ಕೊಲ್ಲಿಪಾಕೆ ಚಾಲುಕ್ಯರ ಪ್ರಮುಖ ನೆಲೆಗಳಲ್ಲಿ ಒಂದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬ ವಚನಕಾರನೇ ಇದ್ದಾನೆ. ಬಂಕೇಶ್ವರಲಿಂಗ ಎಂಬ ಅಂಕಿತದ ಅವನ ವಚನಗಳಲ್ಲಿ ಕಾಯಕದ ಪರಿಭಾಷೆ ಅನುಭಾವದ ಪರಿಭಾಷೆಯಾಗಿ ಬಳಕೆಗೊಂಡಿದೆ. ಪುರಂದರದಾಸರ ಕೀರ್ತನೆಯೊಂದರಲ್ಲೂ ಸುಂಕ ಬಾಡಿಗೆಗಳಿಲ್ಲದ ಸರಕಿನ ರೂಪಕ ಬರುತ್ತದೆ. ಸುಂಕಕಟ್ಟೆಯ ಮುಂದೆ ನಿಂತ ಅನುಭವ ಜನಸಾಮಾನ್ಯರಿಗೆ ಎಷ್ಟು ನಿತ್ಯದ್ದಾಗಿತ್ತೆಂಬುದಕ್ಕೆ ಇವು ಸಾಕ್ಷಿ.

ವಿನಾಯಿತಿ ಇದ್ದಲ್ಲಿ ನಕಲೂ ಇತ್ತು. ಕೂಟಶಾಸನ ಎಂಬುದು ಶಾಸನಶಾಸ್ತ್ರದ ಒಂದು ಪಾರಿಭಾಷಿಕ ಪದವೇ ಆಗಿದೆ. ಏಳನೆಯ ಶತಮಾನದ ಹರ್ಷವರ್ಧನನ ಮಧುಬನ ತಾಮ್ರಪಟದಲ್ಲಿ ಒಂದು ಪ್ರಸಂಗವಿದೆ: ವಾಮರಥ್ಯನೆಂಬ ಬ್ರಾಹ್ಮಣನು ಕೂಟಶಾಸನದ ಬಲದಿಂದ ಸೋಮಕುಂಡಕವೆಂಬ ಗ್ರಾಮವನ್ನು ಅನುಭವಿಸುತ್ತಿದ್ದುದು ತಿಳಿದು, ಅರಸನು ಆ ಶಾಸನವನ್ನು ಮುರಿಸಿ, ಊರನ್ನು ಬೇರೆಯವರಿಗೆ ದತ್ತಿ ಬಿಟ್ಟನು. ಮೈಸೂರು ಸೀಮೆಯಲ್ಲಿ ದೊರೆತ ಗಂಗರ ತಾಮ್ರಶಾಸನಗಳಲ್ಲಿ ಹಲವನ್ನು ಫ್ಲೀಟ್ ಅವರು ಕೂಟಶಾಸನಗಳೆಂದು ವಾದಿಸಿದುದೂ ಬಿ.ಎಲ್. ರೈಸ್ ಅವರೊಡನೆ ಆ ಕುರಿತು ನಡೆದ ಚರ್ಚೆಯೂ ನಮ್ಮ ವಿದ್ವತ್ತಿನ ಚರಿತ್ರೆಯಲ್ಲಿ ಪ್ರಸಿದ್ಧವಾಗಿವೆ. ಹೇಳಿದ ಕಾಲಕ್ಕಿಂತ ಲಿಪಿ ಈಚಿನದಾಗಿರುವುದು, ತಿಥಿವಾರಗಳು ಹೊಂದದಿರುವುದು ಇವುಗಳಿಂದ ನಕಲನ್ನು ಗುರುತಿಸುತ್ತಾರೆ. ಆಧಾರ್ ಕಾರ್ಡಿನ ಮೇಲಿನ ಹದಿನೈದು ವರ್ಷ ಹಿಂದಿನ ಭಾವಚಿತ್ರವನ್ನೂ ಎದುರಿಗಿರುವ ಮುಖವನ್ನೂ ಎರಡು ನಿಮಿಷದಲ್ಲಿ ಹೋಲಿಸಬೇಕಾದ ನಿರ್ವಾಹಕನ ಕೆಲಸ ಶಾಸನತಜ್ಞನ ಕೆಲಸಕ್ಕಿಂತ ಸುಲಭವೇನೂ ಅಲ್ಲ. ಶಾಸನತಜ್ಞನ ಬೆನ್ನ ಹಿಂದೆ ಅರುವತ್ತು ಮಂದಿ ನೂಕುತ್ತ ನಿಂತಿರುವುದಿಲ್ಲ.

ದತ್ತಿಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯವು, ಇದನ್ನು ಅಳಿದವನಿಗೆ ವಾರಣಾಸಿಯಲ್ಲೋ ಕುರುಕ್ಷೇತ್ರದಲ್ಲೋ ಕವಿಲೆಗಳನ್ನು ಕೊಂದ ಪಾಪ ಬರುವುದೆಂದು ಹೇಳುತ್ತದೆ. ಅದರ ಸ್ಥಾನದಲ್ಲಿ ಈಗ ಕಾಯಿದೆಯ ಕಲಮುಗಳಿವೆ. 1988ರ ಮೋಟಾರು ವಾಹನ ಕಾಯಿದೆಯ 124ನೆಯ ಕಲಮಿನ ಪ್ರಕಾರ ಸರಿಯಾದ ಪಾಸು ಅಥವಾ ಟಿಕೆಟ್ಟು ಇಲ್ಲದೆ ಯಾರೂ ಬಸ್ಸಿನಲ್ಲಿ ಪ್ರಯಾಣಿಸುವಂತಿಲ್ಲ. 178ನೆಯ ಕಲಮಿನ ಪ್ರಕಾರ ಹಾಗೆ ಪ್ರಯಾಣಿಸಿದವರಿಗೆ 500 ರೂಪಾಯಿಗಳವರೆಗೆ ದಂಡ. 'ಹೇಗೂ ಉಚಿತ, ಚೀಟಿ ಏತಕ್ಕೆ' ಎಂದು ಶೂನ್ಯ ಟಿಕೆಟ್ಟನ್ನು ತೆಗೆದುಕೊಳ್ಳದೆ ಕೂರುವ ಮಹಿಳೆಯರು ಈ ನಿಯಮವನ್ನು ತಿಳಿದಿರಬೇಕು: ಶುಲ್ಕ ಮನ್ನಾ ಆಗಿದೆಯೇ ಹೊರತು ಟಿಕೆಟ್ಟು ಮನ್ನಾ ಆಗಿಲ್ಲ. ಅದೇ 178ನೆಯ ಕಲಮು ಹಣ ಪಡೆದು ಟಿಕೆಟ್ಟು ಕೊಡದ, ಅಥವಾ ಸಲ್ಲದ ಟಿಕೆಟ್ಟನ್ನು ಕೊಡುವ ನಿರ್ವಾಹಕನಿಗೂ ದಂಡ ವಿಧಿಸುತ್ತದೆಂಬುದು ಅಷ್ಟಾಗಿ ತಿಳಿದಿಲ್ಲ.

ಇಲ್ಲಿ ಶೂನ್ಯ ಟಿಕೆಟ್ಟಿನ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ಅದರ ಮೇಲೆ ಸೊನ್ನೆ ಇರುತ್ತದೆ, ಆದರೆ ಅದರ ಬೆಲೆ ಸೊನ್ನೆಯಲ್ಲ. ಎಷ್ಟು ಶೂನ್ಯ ಟಿಕೆಟ್ಟುಗಳು ಯಾವ ಯಾವ ನಿಲ್ದಾಣಗಳ ನಡುವೆ ವಿತರಣೆಯಾದವು ಎಂಬ ಲೆಕ್ಕದ ಮೇಲೆ ಸಾರಿಗೆ ಸಂಸ್ಥೆಗೆ ಸರ್ಕಾರ ಹಣ ತುಂಬಿಕೊಡಬೇಕು. ಪ್ರಯಾಣಿಕರು ಟಿಕೆಟ್ಟು ಪಡೆಯದಿದ್ದರೆ ಸಂಸ್ಥೆಗೆ ನಷ್ಟ. ಇಲ್ಲದ ಪ್ರಯಾಣಿಕರ ಹೆಸರಿನಲ್ಲಿ ಟಿಕೆಟ್ಟು ಹರಿದರೆ ಸರ್ಕಾರಕ್ಕೆ ನಷ್ಟ. ಗಂಡಸಿನಿಂದ ಹಣ ಪಡೆದು ಅವನ ಕೈಗೆ ಶೂನ್ಯ ಟಿಕೆಟ್ಟನ್ನು ಮಡಚಿ ಕೊಟ್ಟರೆ ಇಬ್ಬರಿಗೂ ನಷ್ಟ. ದುರುಪಯೋಗವೆಂದ ಕೂಡಲೆ ನಾವು ಸೆರಗಿನ ಮರೆಯಲ್ಲಿ ಬೇರೆಯವರ ಕಾರ್ಡು ಹಿಡಿದ ಹೆಂಗಸನ್ನು ಕಲ್ಪಿಸಿಕೊಳ್ಳುತ್ತೇವೆ. ಒಂದು ದಿನದಲ್ಲಿ ಅಂತಹ ಹೆಂಗಸು ಉಳಿಸಬಹುದಾದುದು ಕೆಲವು ಹತ್ತು ರೂಪಾಯಿಗಳು. ಯಂತ್ರ ಕೈಯಲ್ಲಿದ್ದವರ ದುರುಪಯೋಗಕ್ಕೆ ಆ ಮಿತಿಯಿಲ್ಲ. ತಪಾಸಣೆಯ ಕಣ್ಣು ಎತ್ತ ತಿರುಗಬೇಕೆಂಬ ವಿಷಯದಲ್ಲಿ ನನ್ನ ಅಭಿಪ್ರಾಯ ಇದರಿಂದ ಸ್ಪಷ್ಟವಾಗಿರಬಹುದು.

ಮಲ್ಕಾಜ್‌ಗಿರಿಗೆ ಪಾಸುಗಳ ಸಂಸ್ಕೃತಿ ಹೊಸತಲ್ಲ ಎಂಬುದನ್ನೂ ಹೇಳಬೇಕು. ನಿಜಾಮರ ರೈಲ್ವೆಯ ಲಾಲಾಗುಡ ಕಾರ್ಖಾನೆ 1893ರಷ್ಟು ಹಳೆಯದು. ಸಿಕಂದರಾಬಾದಿನಿಂದ ಬೊಲಾರಂ, ನಿಜಾಮಾಬಾದ್ ಕಡೆಗೆ ಹೋಗುವ ಹಳಿ ಈ ಊರಿನ ಮೂಲಕವೇ ಹಾಯುತ್ತದೆ. ರೈಲ್ವೆ ನೌಕರರ ಮನೆಗಳು ಇಲ್ಲಿ ಓಣಿಗೊಂದು. ಅದೇ ರೈಲ್ವೆ 1932ರ ಜೂನ್‌ನಲ್ಲಿ 27 ಬಸ್ಸುಗಳು, 166 ಮಂದಿ ನೌಕರರೊಂದಿಗೆ ರಸ್ತೆ ಸಾರಿಗೆ ವಿಭಾಗವನ್ನು ತೆರೆಯಿತು. ಇಂದಿನ ತೆಲಂಗಾಣ ರಸ್ತೆ ಸಾರಿಗೆ ಸಂಸ್ಥೆಯ ಮೂಲ ಅದೇ. ರೈಲ್ವೆ ಪಾಸಿನ ನಿಯಮಗಳು 1986ರಲ್ಲಿ ಕ್ರೋಡೀಕೃತವಾದವು. ಅವುಗಳ ಪ್ರಕಾರ ಮೂರನೆಯ ದರ್ಜೆಯ ನೌಕರನಿಗೆ ಐದು ವರ್ಷದ ಸೇವೆಯ ಬಳಿಕ ವರ್ಷಕ್ಕೆ ಮೂರು ಜೊತೆ ಉಚಿತ ಪಾಸುಗಳು. ಕುಟುಂಬವೆಂದರೆ ಪತಿ ಅಥವಾ ಪತ್ನಿ, 21 ವರ್ಷ ತುಂಬದ ಅವಲಂಬಿತ ಮಗ, ಮದುವೆಯಾಗದ ಮಗಳು ಇತ್ಯಾದಿ. ಅಣ್ಣನ ಮಗನನ್ನು ತನ್ನ ಮಗನೆಂದು ಬರೆಸುವುದು, ಇಪ್ಪತ್ತೊಂದು ತುಂಬಿದವನಿಗೆ ಇಪ್ಪತ್ತನ್ನೇ ಉಳಿಸುವುದು ಹಳೆಯ ಕಾಲದ ಕಾಗದದ ಪಾಸಿನಲ್ಲಿ ಕಷ್ಟವಿರಲಿಲ್ಲವೆಂದು ಹಿರಿಯರು ನಗುತ್ತ ಹೇಳುವುದುಂಟು. ಹೆಸರಿನ ಮೇಲೆ ಕೊಟ್ಟ ಟಿಕೆಟ್ಟನ್ನು ಆ ಹೆಸರಿನವರೇ ಬಳಸಬೇಕೆಂದು 1989ರ ರೈಲ್ವೆ ಕಾಯಿದೆಯ 53ನೆಯ ಕಲಮು ವಿಧಿಸಿದೆ. ವಂಚಿಸುವ ಉದ್ದೇಶದಿಂದ ಪಾಸಿಲ್ಲದೆ ಪ್ರಯಾಣಿಸಿದರೆ 137ನೆಯ ಕಲಮಿನಡಿ ಆರು ತಿಂಗಳವರೆಗೆ ಸೆರೆಯೂ ಆಗಬಹುದು. 2020ರಿಂದೀಚೆಗೆ ಪಾಸುಗಳು ಗಣಕದ ಮೂಲಕ ಬರತೊಡಗಿದ ಮೇಲೆ ಈ ಬಗೆಯ ಕೌಟುಂಬಿಕ ಔದಾರ್ಯಕ್ಕೆ ಎಡೆ ಕಡಿಮೆಯಾಗಿದೆ. ಅದೇ ವರ್ಷದ ಮಾರ್ಚ್ 20ರಂದು ಹಿರಿಯ ನಾಗರಿಕರ ರೈಲು ರಿಯಾಯಿತಿಯೂ ನಿಂತುಹೋಯಿತು. ಅರುವತ್ತು ತುಂಬುವುದನ್ನು ಆ ಒಂದು ಕಾರಣಕ್ಕಾಗಿಯಾದರೂ ಎದುರುನೋಡುತ್ತಿದ್ದ ನನ್ನಂತಹವರಿಗೆ ಈಗ ಆ ಆಸಕ್ತಿ ಉಳಿದಿಲ್ಲ.

ಇನ್ನು ನಿವಾಸದ ಪ್ರಶ್ನೆ. ನಮ್ಮ ಬೀದಿಯಲ್ಲಿ ಬೀದರ್ ಜಿಲ್ಲೆಯಿಂದ ಬಂದ ಕುಟುಂಬವೊಂದಿದೆ. ಮಗಳು ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತು ವರ್ಷವಾಯಿತು; ಅವಳ ಕಾರ್ಡು ತೆಲಂಗಾಣದ್ದು. ತಾಯಿ ಹಳ್ಳಿಯಲ್ಲಿದ್ದಾರೆ, ಕಣ್ಣಿನ ಚಿಕಿತ್ಸೆಗಾಗಿ ವರ್ಷದಲ್ಲಿ ಐದಾರು ತಿಂಗಳು ಮಗಳ ಮನೆಯಲ್ಲಿ ಉಳಿಯುತ್ತಾರೆ. ವಾರಕ್ಕೆ ಎರಡು ಬಾರಿಯಾದರೂ ಬಸ್ಸು ಹತ್ತಬೇಕು. ಮೊದಲ ಸಲ ನಾನೂ ಅದೇ ಬಸ್ಸಿನಲ್ಲಿದ್ದೆ. ಅವರು ಕರ್ನಾಟಕದ ಆಧಾರ್ ಕಾರ್ಡನ್ನು ಹೊರತೆಗೆದು ಹೆಮ್ಮೆಯಿಂದಲೇ ತೋರಿಸಿದರು. ಕಂಡಕ್ಟರ್ ಹೆಣ್ಣುಮಗಳು ವಿಳಾಸ ಓದಿ, 'ಇದಿ ಕರ್ಣಾಟಕದಿ ಅಮ್ಮಾ' ಎಂದು ಮೃದುವಾಗಿಯೇ ಹೇಳಿ ಟಿಕೆಟ್ಟಿನ ಹಣ ಕೇಳಿದಳು. ವೃದ್ಧೆ ನನ್ನ ಕಡೆ ತಿರುಗಿ, 'ಯಾಕ್ರಿ ಸರ, ನಾ ಹೆಣ್ಮಗಳಲ್ಲೇನ್ರಿ?' ಎಂದರು. ಕಂಡಕ್ಟರಳದು ತಪ್ಪಿರಲಿಲ್ಲ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವೂ ಇರಲಿಲ್ಲ.

ಮರುವಾರ ಮಗಳು ನಮ್ಮ ಮನೆಗೆ ಬಂದಳು. ಅವಳ ಅತ್ತೆಯೂ ಅದೇ ಮನೆಯಲ್ಲಿದ್ದಾರೆ. ವಯಸ್ಸೂ ಹೆಚ್ಚುಕಡಿಮೆ ಅಷ್ಟೇ. ಕಾರ್ಡಿನ ಮೇಲಿನ ಚಿತ್ರ ಮಸುಕಾಗಿದೆ. ಮಂಡಿನೋವಿನಿಂದ ಆಕೆ ಎಲ್ಲಿಗೂ ಹೋಗುವುದಿಲ್ಲ. ಆ ಕಾರ್ಡನ್ನು ಅವ್ವನ ಕೈಗೆ ಕೊಟ್ಟರೆ ಏನಾಗುತ್ತದೆ ಸರ್, ಎಂದು ಕೇಳಿದಳು. ಕೇಳಿದ್ದು ಒಳ್ಳೆಯದಾಯಿತು, ಎಷ್ಟೋ ಮನೆಗಳಲ್ಲಿ ಇದನ್ನು ಕೇಳುವುದಿಲ್ಲ. ಬೇಡವೆಂದು ನಾನು ಹೇಳಿದೆ. ಇನ್ನೊಬ್ಬರ ಹೆಸರಿನಲ್ಲಿ ತಾನೆಂದು ತೋರಿಸಿಕೊಂಡು ಲಾಭ ಪಡೆಯುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯಲ್ಲೂ ಅಪರಾಧವೇ. ಅದಕ್ಕಿಂತ ಮಿಗಿಲಾಗಿ, ಕಣ್ಣು ಸರಿಯಾಗಿ ಕಾಣದ ಮುದುಕಿಯೊಬ್ಬಳು ತುಂಬಿದ ಬಸ್ಸಿನಲ್ಲಿ ತನ್ನ ಹೆಸರನ್ನು ಕೇಳಿದಾಗ ಬೀಗಿತ್ತಿಯ ಹೆಸರನ್ನು ಹೇಳಬೇಕಾಗುತ್ತದೆ. ತಪ್ಪಿದರೆ ಅವಳೊಬ್ಬಳೇ ಅಲ್ಲಿ ನಿಲ್ಲಬೇಕು, ಕಾರ್ಡು ಕೊಟ್ಟ ನಾವು ಯಾರೂ ಇರುವುದಿಲ್ಲ.

ನ್ಯಾಯಸಮ್ಮತವಾದ ದಾರಿಯೊಂದಿತ್ತು. ನಿವಾಸಿಯೆಂದರೆ ಯಾರು ಎಂಬುದಕ್ಕೆ 2016ರ ಆಧಾರ್ ಕಾಯಿದೆ ನೀಡುವ ವ್ಯಾಖ್ಯೆ, ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನವಾದರೂ ಭಾರತದಲ್ಲಿ ವಾಸಿಸಿದವರು ಎಂದು. ಅದು ದೇಶದ ಮಟ್ಟಿನ ವ್ಯಾಖ್ಯೆ; ಯಾವ ರಾಜ್ಯ ಎಂಬುದನ್ನು ಅದು ಕೇಳುವುದೇ ಇಲ್ಲ. ಬಸ್ಸಿನಲ್ಲಿ ರಾಜ್ಯವನ್ನು ನಿರ್ಧರಿಸುವುದು ಕಾರ್ಡಿನ ಮೇಲೆ ಅಚ್ಚಾದ ವಿಳಾಸದ ಕೊನೆಯ ಸಾಲು. ಆ ವಿಳಾಸವನ್ನು ಬದಲಾಯಿಸಬಹುದು. 2023ರ ಜನವರಿಯಿಂದ, ಸ್ವಂತ ಹೆಸರಿನಲ್ಲಿ ವಿಳಾಸದ ದಾಖಲೆ ಇಲ್ಲದವರು ಕುಟುಂಬದ ಮುಖ್ಯಸ್ಥರ ಒಪ್ಪಿಗೆಯ ಮೇಲೆ, ಸಂಬಂಧವನ್ನು ತೋರಿಸುವ ಕಾಗದ ಕೊಟ್ಟು ಅವರ ವಿಳಾಸವನ್ನೇ ತಮ್ಮದಾಗಿಸಿಕೊಳ್ಳುವ ಏರ್ಪಾಡಿದೆ. ಮಗಳು ಒಪ್ಪಿಗೆ ಕೊಟ್ಟರೆ ತಾಯಿ ಮಲ್ಕಾಜ್‌ಗಿರಿಯವರಾಗುತ್ತಾರೆ. ಇದರಲ್ಲಿ ಸುಳ್ಳೇನೂ ಇಲ್ಲ; ವರ್ಷದ ಅರ್ಧ ಅವರು ಇಲ್ಲಿಯೇ ಇರುತ್ತಾರಷ್ಟೆ.

ಆದರೆ ವಿಳಾಸ ಎಂಬುದು ಬಸ್ಸಿಗೆ ಮಾತ್ರ ಸಂಬಂಧಿಸಿದ್ದಲ್ಲ. ಅವರ ಪಡಿತರ ಚೀಟಿ ಬೀದರಿನದು. 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಯಾಗಿ ತಿಂಗಳಿಗೆ 2000 ರೂಪಾಯಿ ಬರುವುದು ಅಲ್ಲಿಂದ. ಊರಿನಲ್ಲಿ ಶಕ್ತಿ ಯೋಜನೆಯ ಬಸ್ಸು ಬೇರೆ ಇದೆ. ಇಲ್ಲಿಯ ಕಾರ್ಡು ಮಾಡಿಸಿ ಅಲ್ಲಿಯದನ್ನೂ ಮುಚ್ಚುಮರೆಯಲ್ಲಿ ಪಡೆಯುತ್ತಿರುವುದು ಸಾಧ್ಯವೆಂದು ಯಾರೋ ಸಲಹೆ ಕೊಟ್ಟಿದ್ದರಂತೆ. ದುರುಪಯೋಗದ ಇನ್ನೊಂದು ಬಾಗಿಲು ಅದು, ಹಾಗೂ ಗಡಿನಾಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ತೆರೆದಿರುವ ಬಾಗಿಲು. ವೃದ್ಧೆ ಎರಡಕ್ಕೂ ಒಪ್ಪಲಿಲ್ಲ. 'ನಮ್ಮ ಮನಿ ಹೆಸರ ಅಲ್ಲೇ ಇರ್ಲಿ' ಎಂದಷ್ಟೇ ಹೇಳಿದರೆಂದು ಮಗಳು ತಿಳಿಸಿದಳು.

ನಿವಾಸದ ಷರತ್ತು ಅನಿವಾರ್ಯವೇ ಎಂದು ಕೇಳಬಹುದು. ಹಣ ಕೊಡುವುದು ಒಂದು ರಾಜ್ಯದ ಬೊಕ್ಕಸ, ಆದುದರಿಂದ ಆ ರಾಜ್ಯದವರಿಗೇ ಸಲ್ಲಬೇಕೆಂಬ ವಾದದಲ್ಲಿ ಹುರುಳಿದೆ. 2021ರ ಏಪ್ರಿಲ್ 1ರಂದು ಪಂಜಾಬ್ ಕೂಡ ತನ್ನ ನಿವಾಸಿಗಳಿಗೆಂದೇ ಈ ಸೌಲಭ್ಯ ಕೊಟ್ಟಿತು. ಆದರೆ ಅದೇ ವರ್ಷದ ಮೇ ತಿಂಗಳಲ್ಲಿ ತಮಿಳುನಾಡು ಬೇರೊಂದು ಕ್ರಮವನ್ನು ಅನುಸರಿಸಿತು. ಅಲ್ಲಿ ಸಾಧಾರಣ ದರದ ಬಸ್ಸುಗಳಲ್ಲಿ ಹೆಂಗಸರೆಲ್ಲರಿಗೂ ಉಚಿತ, ಕಾರ್ಡನ್ನು ಕೇಳುವುದಿಲ್ಲ. ಅಂತಹ ಬಸ್ಸುಗಳ ಮುಂಭಾಗಕ್ಕೆ ಗುಲಾಬಿ ಬಣ್ಣ ಬಳಿದು ಗುರುತು ಮಾಡಿದರು. ಅರ್ಹತೆಯ ಗುರುತನ್ನು ಮನುಷ್ಯನ ಮೇಲಿಂದ ವಾಹನದ ಮೇಲಕ್ಕೆ ಸ್ಥಳಾಂತರಿಸಿದ ಈ ಉಪಾಯ ನನಗೆ ಬಹಳ ಹಿಡಿಸುತ್ತದೆ. ಕಾರ್ಡೇ ಇಲ್ಲದ ಮೇಲೆ ಬೇರೆಯವರ ಕಾರ್ಡು ತೋರಿಸುವ ಪ್ರಮೇಯವಿಲ್ಲ, ಕೂಟಮುದ್ರೆಗೆ ಅವಕಾಶವಿಲ್ಲ. ನೆರೆರಾಜ್ಯದ ಕೆಲವು ಮುದುಕಿಯರು ಆ ಬಸ್ಸು ಹತ್ತಿದರೆ ಆಗುವ ವೆಚ್ಚ, ಅವರನ್ನು ಹುಡುಕಿ ತಡೆಯುವುದಕ್ಕೆ ತಗಲುವ ವೆಚ್ಚಕ್ಕಿಂತ ಹೆಚ್ಚಾಗಲಾರದೆಂದು ನನ್ನ ಊಹೆ. ದೆಹಲಿಯಲ್ಲೂ 2019ರ ಅಕ್ಟೋಬರ್ 29ರಿಂದ ಗುಲಾಬಿ ಟಿಕೆಟ್ಟಿಗೆ ನಿವಾಸದ ದಾಖಲೆ ಬೇಕಿರಲಿಲ್ಲ. 2025ರಲ್ಲಿ ಅಲ್ಲಿನ ಸರ್ಕಾರ ದೆಹಲಿಯ ನಿವಾಸಿಗಳಿಗೆ ಸೀಮಿತವಾದ ಕಾರ್ಡಿನ ಯೋಜನೆಯನ್ನು ಪ್ರಕಟಿಸಿತು. ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಓದುಗರಲ್ಲಿ ಹಲವರ ಮನೆಯಲ್ಲಿ ಇಂಥದೇ ಪರಿಸ್ಥಿತಿ ಇರುವುದರಿಂದ ಒಂದೆರಡು ವ್ಯಾವಹಾರಿಕ ಸಂಗತಿಗಳು. ಇಲ್ಲಿನ ಬಸ್ಸುಗಳಲ್ಲಿ ತೆಲಂಗಾಣದ ವಿಳಾಸವಿರುವ ಗುರುತಿನ ಚೀಟಿಯ ಮೂಲಪ್ರತಿಯನ್ನು ತೋರಿಸಬೇಕು. ಪಾನ್ ಕಾರ್ಡಿನಲ್ಲಿ ವಿಳಾಸವೇ ಇರುವುದಿಲ್ಲವಾದ್ದರಿಂದ ಅದು ಸಲ್ಲುವುದಿಲ್ಲ. ಮದುವೆಯಾಗಿ ಬಂದು ವರ್ಷಗಳಾದರೂ ತವರಿನ ವಿಳಾಸದ ಕಾರ್ಡನ್ನೇ ಇಟ್ಟುಕೊಂಡಿರುವ ಹೆಣ್ಣುಮಕ್ಕಳು ನಿಜವಾಗಿ ಇಲ್ಲಿಯ ನಿವಾಸಿಗಳು; ಅವರು ವಿಳಾಸವನ್ನು ತಿದ್ದಿಸಿಕೊಂಡರೆ ಸಾಕು. ಮಕ್ಕಳ ಬಾಲ್ಯದ ಚಿತ್ರವಿರುವ ಕಾರ್ಡುಗಳನ್ನೂ ನವೀಕರಿಸಿಕೊಳ್ಳುವುದು ಲೇಸು. ಎಂ.ಎಂ.ಟಿ.ಎಸ್. ರೈಲಿಗಾಗಲಿ ಮೆಟ್ರೋ ರೈಲಿಗಾಗಲಿ ಈ ಯೋಜನೆ ಅನ್ವಯಿಸುವುದಿಲ್ಲ. 2023ರ ಏಪ್ರಿಲ್‌ನಲ್ಲಿ ಮೇಡ್ಚಲ್‌ವರೆಗೆ ವಿಸ್ತರಣೆಯಾದ ರೈಲು ಮಲ್ಕಾಜ್‌ಗಿರಿ, ಸಫಿಲ್‌ಗುಡಗಳಲ್ಲಿ ನಿಲ್ಲುವುದರಿಂದ ಬಸ್ಸಿನ ನಿಯಮವೇ ರೈಲಿಗೂ ಎಂದು ಭಾವಿಸಿ ಟಿಕೆಟ್ಟು ಕೊಳ್ಳದೆ ಹತ್ತುವವರಿದ್ದಾರೆ.

ದೀಪಾವಳಿಗೆ ತಾಯಿ ಮಗಳಿಬ್ಬರೂ ಊರಿಗೆ ಹೋಗಿಬಂದರು. ಬೀದರ್ ನಿಲ್ದಾಣದಿಂದ ಹಳ್ಳಿಯ ಬಸ್ಸು ಹತ್ತಿದಾಗ ತಾಯಿಗೆ ಶೂನ್ಯ ಟಿಕೆಟ್ಟು, ಅದೇ ಆಸನದಲ್ಲಿ ಪಕ್ಕಕ್ಕೆ ಕೂತ ಮಗಳಿಗೆ ಹಣದ ಟಿಕೆಟ್ಟು. ಮಗಳ ಟಿಕೆಟ್ಟಿನ ಹಣವನ್ನು ಅವ್ವನೇ ಗಂಟು ಬಿಚ್ಚಿ ಕೊಟ್ಟರಂತೆ.